ಯೋಷೀಯನ ಎಡೆ

ಸೂರಪ್ಪ ಬಳ್ಳಾರಿಯಿಂದ ವಾಪಸು ಬಂದ ದಿನ ಮನೆಯಲ್ಲಿ ಗಿಣ್ಣು ಕಾಯಿಸಿದ್ದರು. ಕಂದು ಹಸು ಕರು ಹಾಕಿತ್ತು. ಹಟ್ಟಿಯ ರೂಢಿಯಂತೆ ಮೊದಲ ಹಾಲನ್ನು ಅವನಪ್ಪ ಯತ್ತಪ್ಪ ಗುಡ್ಡ ಹತ್ತಿ ಗುಡ್ಡದಯ್ಯನ ಕಲ್ಲಿಗೆ ಎರೆದು ಬಂದಿದ್ದ. ಆಮೇಲೆ ಉಳಿದದ್ದಕ್ಕೆ ಬೆಲ್ಲ ಹಾಕಿ ಅವನವ್ವ ಕಾಟಮ್ಮ ಒಲೆಯ ಮೇಲಿಟ್ಟಿದ್ದಳು. ಹೆಚ್ಚುಕಡಿಮೆ ವರ್ಷದ ಮೇಲೆ ಮುಖ ತೋರಿಸಿದ ಗಂಡನಿಗೆ ಪಾತಮ್ಮ ಕಂಚಿನ ಬಟ್ಟಲು ತೊಳೆದು, ದಪ್ಪ ತುಂಡೊಂದನ್ನು ಹಾಕಿ ಮುಂದಿಟ್ಟಳು. ಮದುವೆಯಾದಾಗಿನಿಂದ ಗಿಣ್ಣೆಂದರೆ ಜೀವ ಬಿಡುತ್ತಿದ್ದ ಗಂಡಸು ಬಟ್ಟಲನ್ನು ನೋಡಿದ, ಹೆಂಡತಿಯನ್ನು ನೋಡಿದ, ಮುಟ್ಟಲಿಲ್ಲ.

"ಅವ್ವ, ಇದರ ಹಾಲು ಗುಡ್ಡಕ್ಕೆ ಹೋಗಿತ್ತಾ?"

"ಹೋಗ್ದೆ? ಅಲ್ಲಿಗೆ ಹೋಗದ ಹಾಲು ಈ ಮನೇಲಿ ಯಾವತ್ತು ಒಲೆ ಏರೈತೆ?" ಎಂದಳು ಕಾಟಮ್ಮ.

"ಹಂಗಾದ್ರೆ ನನಗೆ ಬ್ಯಾಡ."

ಕಾಟಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಹೊಟ್ಟೆ ಕೆಟ್ಟಿದೆಯೇನೋ ಎಂದುಕೊಂಡು ಮಗನ ಹಣೆ ಮುಟ್ಟಿ ನೋಡಿದಳು. ಅವನ ಹೊಟ್ಟೆ ಗಟ್ಟಿಯಾಗಿಯೇ ಇತ್ತು. ಅವನು ಬಳ್ಳಾರಿಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಕಿರಿಸ್ತಾನನಾಗಿದ್ದ. ಪಾದ್ರಿ ಇಟ್ಟ ಹೊಸ ಹೆಸರು ಯೋಷೀಯ. ಇಷ್ಟನ್ನೂ ಅವನು ಜಗುಲಿಯ ಮೇಲೆ ಕೂತು, ಕುರಿ ಮಾರಿದ ಸುದ್ದಿ ಹೇಳುವ ಹಾಗೆ ನೆಟ್ಟಗೆ ಹೇಳಿಬಿಟ್ಟ. ಕಾಟಮ್ಮನ ಬಾಯಲ್ಲಿ ಆ ಹೆಸರು ಆವತ್ತೂ ಹೊರಳಲಿಲ್ಲ, ಮುಂದೆಯೂ ಹೊರಳಲಿಲ್ಲ.

ಹಿಂದಿನ ವರ್ಷ ಉಣ್ಣೆಯ ಬಂಡಿ ಹೊಡೆದುಕೊಂಡು ಬಳ್ಳಾರಿಗೆ ಹೋದವನು ಅಲ್ಲಿ ವಿಷಮಜ್ವರದಲ್ಲಿ ಬಿದ್ದಿದ್ದ. ಜೊತೆಗೆ ಹೋದವರು ಇವನು ಉಳಿಯುವುದಿಲ್ಲ ಎಂದು ಮಿಷನ್ನಿನ ಆಸ್ಪತ್ರೆಯ ಬಾಗಿಲಲ್ಲಿ ಮಲಗಿಸಿ ಬಂದರು. ಉಳಿದ. ಉಳಿಸಿದವರ ಹತ್ತಿರವೇ ಬಂಡಿ ಹೊಡೆಯುತ್ತ, ಅಕ್ಷರ ಕಲಿಯುತ್ತ ಇದ್ದುಬಿಟ್ಟ. ಅವನು ಹೋಗುವಾಗ ಪಾತಮ್ಮ ತುಂಬಿದ ಬಸುರಿ. ಅದಕ್ಕೆ ಮೊದಲು ಹುಟ್ಟಿದ್ದ ಎರಡು ಕೂಸುಗಳು ನೆಲ ಹಿಡಿದು ತೆವಳುವ ಮೊದಲೇ ಮಣ್ಣು ಸೇರಿದ್ದವು. ಹೊರಡುವ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಗುಡ್ಡ ಹತ್ತಿ, ಇಬ್ಬರೂ ಕಲ್ಲು ಮುಟ್ಟಿ, ಈ ಸಲದ ಮಗು ಬದುಕಿ ವರ್ಷ ತುಂಬಿದರೆ ಹುಟ್ಟುಗೂದಲನ್ನು ನಿನ್ನ ಬುಡದಲ್ಲೇ ಇಳಿಸುತ್ತೇವೆ ಎಂದು ಹರಕೆ ಹೊತ್ತಿದ್ದರು. ಹೆಣ್ಣು ಹುಟ್ಟಿತು. ಯಮನಿಗೆ ಅಸಹ್ಯವಾಗಲಿ ಎಂದು ತಿಪ್ಪೆಯ ಮೇಲೆ ಹೊರಳಿಸಿ, ಮೂಗು ಚುಚ್ಚಿ ಮೂಗಮ್ಮ ಎಂದು ಕರೆದರು. ಮೂಗಮ್ಮ ಬದುಕಿತು, ತೆವಳಿತು, ಈಗ ಗೋಡೆ ಹಿಡಿದು ನಿಲ್ಲುತ್ತಿತ್ತು. ಯುಗಾದಿಗೆ ಮೊದಲು ಕೂದಲು ಇಳಿಸಬೇಕು. ಪಾತಮ್ಮನಿಗೆ ಲೋಕದಲ್ಲಿ ಬೇರೆ ಯಾವ ಆಸೆಯೂ ಇರಲಿಲ್ಲ. ಆ ಕೂದಲು ಆ ಕಲ್ಲಿನ ಬುಡದಲ್ಲಿ ಬಿದ್ದರೆ ಸಾಕು, ಕೂಸು ತನ್ನದಾಗುತ್ತದೆ ಎಂದು ಅವಳು ನಂಬಿದ್ದಳು.

ಗುಡ್ಡದಯ್ಯನೆಂದರೆ ಗುಡಿಯಿಲ್ಲ, ಗೋಪುರವಿಲ್ಲ. ಗುಡ್ಡದ ನೆತ್ತಿಯಲ್ಲಿ ಆಳೆತ್ತರದ ಒಂದು ನಿಲುಗಲ್ಲು, ಎಣ್ಣೆ ಹಾಲು ಕುಡಿದು ಕಪ್ಪಾದದ್ದು. ಪಕ್ಕದಲ್ಲೊಂದು ತುಗ್ಗಲಿ ಮರ. ಯತ್ತಪ್ಪ ಅದರ ಪೂಜಾರಿ. ಅವನಪ್ಪನೂ ಅದನ್ನೇ ಮಾಡಿದ್ದ. ಅದರಿಂದ ಮನೆಗೆ ಸಿಗುತ್ತಿದ್ದದ್ದು ಹಟ್ಟಿಯ ಜನರ ಮರ್ಯಾದೆ ಮತ್ತು ಮೊಣಕಾಲು ನೋವು.

ಮಾರನೆಯ ದಿನದಿಂದ ಮನೆಯಲ್ಲಿ ಎರಡು ಅಡಿಗೆ ಶುರುವಾಯಿತು. ಹಾಲು, ಮಜ್ಜಿಗೆ, ತುಪ್ಪ ಎಲ್ಲಕ್ಕೂ ಗುಡ್ಡದ ಮೀಸಲು ಸೋಕಿರುತ್ತಿದ್ದದ್ದರಿಂದ ಸೂರಪ್ಪನ ಪಾಲಿಗೆ ಉಳಿದದ್ದು ರೊಟ್ಟಿ ಮತ್ತು ಹುರುಳಿಸಾರು. ಜಗುಲಿಯ ಮೇಲೆ ಒಬ್ಬನೇ ಕೂತು, ಕಣ್ಣು ಮುಚ್ಚಿ ಏನೋ ಗೊಣಗಿಕೊಂಡು ಉಣ್ಣುತ್ತಿದ್ದ. ದನಗಾರರ ಮನೆಯಲ್ಲಿ ಹುಟ್ಟಿ ಮಜ್ಜಿಗೆಯಿಲ್ಲದೆ ಉಣ್ಣುವ ಮಗನನ್ನು ನೋಡಿ ಕಾಟಮ್ಮ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು, ಬಾಯಿಂದ ಮಾತ್ರ ಬೈಗುಳವೇ ಬರುತ್ತಿತ್ತು.

"ಯಾರ ಮನೆ ದನದ ಹಾಲು ಕುಡಿದು ಬೆಳೆದೆಯೋ ಅದೇ ಹಾಲು ಈಗ ಮೈಲಿಗೆ ಆತಾ ನಿನಗೆ?"

"ಮೈಲಿಗೆ ಅಂದಿಲ್ಲವ್ವ. ಕಲ್ಲಿಗೆ ಕೊಟ್ಟಿದ್ದನ್ನ ಉಣ್ಣಬಾರದು ಅಂತ ಬರೆದೈತೆ."

"ಬರೆದೋನು ಹಸು ಕಟ್ಟಿದ್ನಾ? ಕೇಳು ಹೋಗು."

ಹಾಗೆ ನೋಡಿದರೆ ಕೆಲಸದಲ್ಲಿ ಅವನದೇನೂ ತಪ್ಪಿರಲಿಲ್ಲ. ಕೊಟ್ಟಿಗೆ ಬಳಿಯುತ್ತಿದ್ದ, ಮುಳ್ಳುಬೇಲಿ ಕಟ್ಟುತ್ತಿದ್ದ, ದನ ಹೊಡೆದುಕೊಂಡು ಹುಲ್ಲುಗಾವಲಿಗೆ ಹೋಗುತ್ತಿದ್ದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಟ್ಟಿಯೆಲ್ಲ ತಿರುಗುತ್ತಿದ್ದ. ಮೊದಲು ಸಿಟ್ಟು ಬಂದಾಗ ಹೆಂಡತಿಯ ಮೇಲೆ ಕೈ ಎತ್ತುತ್ತಿದ್ದವನು ಈಗ ಎತ್ತುತ್ತಿರಲಿಲ್ಲ. ಪಾತಮ್ಮ ಅದನ್ನು ಗಮನಿಸಿದ್ದಳು. ಆ ಹೊಸ ದೇವರ ಋಣ ಅಷ್ಟರಮಟ್ಟಿಗೆ ಅವಳ ಮೇಲಿತ್ತು ಎನ್ನಬೇಕು.

ಸಂಜೆ ಹಾಲು ಕರೆದಾದ ಮೇಲೆ ಅವನು ದೀಪದ ಹತ್ತಿರ ಪುಸ್ತಕ ಬಿಚ್ಚುತ್ತಿದ್ದ. ಯತ್ತಪ್ಪ ಮೊದಲ ವಾರ ಬೆನ್ನು ತಿರುಗಿಸಿಕೊಂಡು ಕೂತ. ಎರಡನೆಯ ವಾರ ಪಕ್ಕಕ್ಕೆ ತಿರುಗಿದ. ಆಮೇಲೆ ಅವನೇ ಕರೆಯತೊಡಗಿದ.

"ಓದಲೇ ಸೂರ. ನಿನ್ನ ದೇವರಿಗೆ ಗುಡ್ಡ ಕಂಡ್ರೆ ಯಾಕಾಗದು ಅಂತ ನೋಡೇಬಿಡಾನ."

ಸೂರಪ್ಪ ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದ. ಪಾತಮ್ಮ ಕೂಸಿಗೆ ಹಾಲೂಡಿಸುತ್ತ ಕೇಳುತ್ತಿದ್ದಳು. ಆ ದೇಶದಲ್ಲೂ ದನಕುರಿಗಳಿದ್ದವು, ಬಾವಿಗಾಗಿ ಜಗಳಗಳಿದ್ದವು, ಬಂಜೆಯರ ಕಣ್ಣೀರಿತ್ತು. ಅಲ್ಲಿನ ಯಾಕೋಬನೆಂಬವನು ದಾರಿಯಲ್ಲಿ ಮಲಗೆದ್ದು, ತಲೆಗಿಟ್ಟುಕೊಂಡಿದ್ದ ಕಲ್ಲನ್ನೇ ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಎಣ್ಣೆ ಹೊಯ್ದನಂತೆ. ಯತ್ತಪ್ಪ ಸೊಸೆಯ ಕಡೆ ನೋಡಿ ಹುಬ್ಬು ಹಾರಿಸಿದ. ಇನ್ನೊಂದು ದಿನ ಸಮುವೇಲನೆಂಬ ದೊಡ್ಡ ಪ್ರವಾದಿಯ ಕಥೆ ಬಂತು. ಅವನು ಗುಡ್ಡ ಹತ್ತಿ ಬಂದು ಆಶೀರ್ವಾದ ಮಾಡುವವರೆಗೆ ಊರಿನವರು ಊಟಕ್ಕೆ ಕೈ ಹಾಕುತ್ತಿರಲಿಲ್ಲವಂತೆ.

"ತಡಿ ತಡಿ," ಎಂದ ಯತ್ತಪ್ಪ. "ಗುಡ್ಡದ ಮೇಲೆ ಉಂಡ್ರಾ? ಪ್ರವಾದಿನೂ ಉಂಡ್ನಾ?"

"ಉಂಡ."

"ಅವತ್ತು ದೇವರಿಗೆ ಸಿಟ್ಟು ಬರಲಿಲ್ಲ?"

"ಅವಾಗ ಇನ್ನೂ ದೇವರಿಗೆ ಮನೆ ಕಟ್ಟಿರಲಿಲ್ಲಪ್ಪ. ಅದಕ್ಕೆ ಜನ ಗುಡ್ಡಗಳ ಮೇಲೆ ಬಲಿ ಕೊಡ್ತಿದ್ರು ಅಂತ ಮುಂದೆ ಬರೆದೈತೆ. ಆಮೇಲೆ ಅರಸ ಪಟ್ಟಣದಾಗೆ ದೊಡ್ಡ ಮನೆ ಕಟ್ಟಿಸಿದ. ಕಟ್ಟಿಸಿದ ಮೇಲೂ ಜನ ಗುಡ್ಡ ಬಿಡಲಿಲ್ಲ. ತಪ್ಪಾಗಿದ್ದು ಅಲ್ಲಿ."

ಯತ್ತಪ್ಪ ಮೊಣಕಾಲು ಒತ್ತಿಕೊಂಡ. "ನಮಗಿನ್ನೂ ಯಾರೂ ಮನೆ ಕಟ್ಟಿಲ್ಲವಲ್ಲಪ್ಪ," ಎಂದ.

ಸೂರಪ್ಪ ಹಾಳೆ ತಿರುಗಿಸಿದ. ಮುಂದಿನ ಅರಸರ ಸಾಲು ಬಂತು. ಒಬ್ಬೊಬ್ಬ ಅರಸನ ಬಗ್ಗೆಯೂ ಅದೇ ಪಾಠ: ಇವನು ಒಳ್ಳೆಯವನು, ದೇವರು ಮೆಚ್ಚುವ ಹಾಗೆ ನಡೆದ, ಆದರೆ ಗುಡ್ಡದ ಪೂಜೆಗಳನ್ನು ಮಾತ್ರ ತೆಗೆಯಲಿಲ್ಲ.

"ಅಷ್ಟು ಒಳ್ಳೇರು ಅದೊಂದನ್ನ ಯಾಕೆ ಬಿಟ್ರು?" ಎಂದು ಪಾತಮ್ಮ ಮೊದಲ ಸಲ ಬಾಯಿ ಹಾಕಿದಳು.

"ಯಾಕೆ ಅಂತ ಬರೆದಿಲ್ಲ."

"ಅವರ ಮನೇಲೂ ಹೆಂಡ್ರು, ಕೂಸು ಇದ್ವೇನೋ."

ಯತ್ತಪ್ಪ ಜೋರಾಗಿ ನಕ್ಕ. ಒಳಗಿದ್ದ ಕಾಟಮ್ಮನೂ ನಕ್ಕಳು. ಸೂರಪ್ಪ ಮಾತ್ರ ನಗಲಿಲ್ಲ. ಆ ಮನೆಯಲ್ಲಿ ದೀಪದ ಸುತ್ತ ನಗು ಕೇಳಿದ್ದು ಅದೇ ಕೊನೆ, ಅವತ್ತು ಅದು ಯಾರಿಗೆ ಗೊತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ರಾಂಪುರದಿಂದ ಉಪದೇಶಿ ಬಂದ. ಹೊಸ ಕಿರಿಸ್ತಾನರ ಯೋಗಕ್ಷೇಮ ನೋಡಿಕೊಳ್ಳುವುದು ಅವನ ಕೆಲಸ. ಕರೀ ಕೋಟು, ಧೂಳು ಮೆತ್ತಿದ ಪಂಚೆ, ಸಣ್ಣ ದನಿ. ಹಟ್ಟಿಯ ಒಳಗೆ ಕರೆಯಲಿಲ್ಲವೆಂದು ಬೇಸರಪಡದೆ ಬೇಲಿಯ ಹೊರಗೆ ಮರದ ನೆರಳಲ್ಲಿ ಕೂತ. ಪಾತಮ್ಮ ನೀರು ಕೊಡಲು ಹೋದಾಗ ಗಂಡ ಗುಡ್ಡದ ವಿಷಯವನ್ನೇ ಕೇಳುತ್ತಿದ್ದ.

"ಅಯ್ನೋರೆ, ನನಗೆ ಯೋಷೀಯ ಅಂತ ಹೆಸರಿಟ್ಟಿದ್ದೀರಿ. ಆ ಅರಸ ದೇಶದ ಗುಡ್ಡಗಳನ್ನೆಲ್ಲ ಕೆಡವಿದ. ನಮ್ಮಪ್ಪನ ಗುಡ್ಡ ನನ್ನ ಕಣ್ಣೆದುರಿಗೇ ಐತೆ. ನಾನೇನು ಮಾಡ್ಲಿ?"

ಉಪದೇಶಿ ಒಳ್ಳೆಯ ಮನುಷ್ಯ. ಗುಡ್ಡವೆಂದರೆ ಮನಸ್ಸು, ಅದರೊಳಗಿನ ಅಹಂಕಾರ, ಮನುಷ್ಯ ತನಗೆ ಬೇಕಾದಂತೆ ಮಾಡಿಕೊಂಡ ದೇವರು ಎಂದೆಲ್ಲ ವಿವರಿಸಿದ. "ಆ ಎತ್ತರವನ್ನು ಒಳಗಿನಿಂದ ಕೆಡವಬೇಕಪ್ಪಾ. ಇಲ್ಲದಿದ್ದರೆ ಅರ್ಧ ಹೃದಯ ಕೊಟ್ಟಂತೆ. ಅರ್ಧ ಹೃದಯ ಯೆಹೋವನಿಗೆ ಬೇಡ," ಎಂದ.

ತಲೆತಲಾಂತರದಿಂದ ದನ ಕಾಯ್ದವರ ಮಗನಿಗೆ ಗುಡ್ಡವೆಂದರೆ ಗುಡ್ಡವೇ. ಮಳೆ ಯಾವ ಕಡೆಯಿಂದ ಬಂತು, ತಪ್ಪಿಸಿಕೊಂಡ ಹಸು ಎಲ್ಲಿ ಮೇಯುತ್ತಿದೆ ಎಂದು ಹತ್ತಿ ನೋಡುವ ಗುಡ್ಡ. ಅದನ್ನು ಮನಸ್ಸು ಎಂದು ತಿಳಿಯುವುದು ಪೇಟೆಯಲ್ಲಿ ಓದಿದವರಿಂದ ಮಾತ್ರ ಆಗುವ ಕೆಲಸ. ಸೂರಪ್ಪನ ತಲೆಯಲ್ಲಿ ಉಳಿದದ್ದು ಕೊನೆಯ ಮಾತೊಂದೇ, ಅರ್ಧ ಬೇಡ ಎನ್ನುವುದು. ಪಾತಮ್ಮನಿಗೆ ಅವನ ಮುಖ ನೋಡಿಯೇ ಭಯವಾಯಿತು.

ಅವತ್ತೇ ಜಗಳ ಹತ್ತಿಕೊಂಡಿತು. ಅವಳು ಜೋಳ ಬೀಸುತ್ತಿದ್ದಳು, ಅವನು ಬಂದು ಎದುರಿಗೆ ಕೂತ.

"ಮಗಳ ಕೂದಲು ಇಲ್ಲೇ ಮನೇಲಿ ತೆಗೆಸಾನ. ಗುಡ್ಡಕ್ಕೆ ಬ್ಯಾಡ."

"ಹರಕೆ ನಾನೊಬ್ಬಳೇ ಹೊತ್ತಿಲ್ಲ. ನೀನೂ ಕಲ್ಲು ಮುಟ್ಟಿ ಹೇಳಿದ್ದೆ."

"ಅವಾಗ ತಿಳೀತಿರಲಿಲ್ಲ. ಆ ಗುಡ್ಡಗಳ ಮೇಲೆ ಮಕ್ಕಳನ್ನ ಬೆಂಕಿಗೆ ಕೊಡ್ತಿದ್ರಂತೆ ಪಾತಿ. ಪುಸ್ತಕದಾಗೆ ಐತೆ. ದೇವರಿಗೆ ಸಿಟ್ಟು ಬಂದಿದ್ದು ಅದಕ್ಕೇ."

ಪಾತಮ್ಮ ಬೀಸುವ ಕಲ್ಲು ನಿಲ್ಲಿಸಿದಳು. "ನಿಮ್ಮಪ್ಪ ಯಾರ ಮಕ್ಕಳನ್ನ ಸುಟ್ಟಾನೆ? ನನ್ನ ಎರಡನ್ನೂ ಎದೆಗವಚಿಕೊಂಡು ಹೋಗಿ ಹೂತು ಬಂದೋನು ಅವನು. ನೀನು ಆ ಎರಡು ಸಲಾನೂ ದನದ ಹಿಂದಿದ್ದೆ."

ಅವನು ತಲೆ ತಗ್ಗಿಸಿದ. "ಬಳ್ಳಾರಿಗೆ ಹೋಗಾನ ಬಾ. ಅಲ್ಲಿ ಡಾಕ್ಟರಮ್ಮ ಇದ್ದಾಳೆ. ಕೂಸಿಗೆ ಏನಾದ್ರೂ ಆದ್ರೆ ಔಷಧಿ ಐತೆ. ನಾನು ಸತ್ತೋನು ಬದುಕಿದ್ದು ಸುಳ್ಳಾ?"

"ಸುಳ್ಳಲ್ಲ. ಕೂದಲು ಇಳಿಸಿ ಬರ್ತೀನಿ. ಆಮೇಲೆ ಬಳ್ಳಾರಿ ಅನ್ನು, ಕಾಶಿ ಅನ್ನು, ಎಲ್ಲಿಗಂದ್ರೆ ಅಲ್ಲಿಗೆ ನಿನ್ನ ಹಿಂದೆ ಬರ್ತೀನಿ."

"ಅರ್ಧ ಆಗಲ್ಲ," ಎಂದ ಅವನು.

ಆ ಸಂಜೆ ಯೋಷೀಯನ ಅಧ್ಯಾಯವೇ ಬಂತು. ಬಂತು ಎನ್ನುವುದೇಕೆ, ಅವನೇ ಹುಡುಕಿ ತೆಗೆದ. ಅರಸ ಕಂಬಗಳನ್ನು ಕಡಿಸಿದ, ನಿಲ್ಲಿಸಿದ ಕಲ್ಲುಗಳನ್ನು ಪುಡಿ ಮಾಡಿಸಿದ, ಮನುಷ್ಯರ ಎಲುಬು ತುಂಬಿಸಿ ಆ ಜಾಗಗಳನ್ನು ಕೆಡಿಸಿದ. ಸೂರಪ್ಪನ ದನಿ ಏರುತ್ತ ಹೋಯಿತು. ಒಂದು ಕಡೆ ಬಂದು ತಟ್ಟನೆ ನಿಂತಿತು.

"ಯಾಕೆ ನಿಲ್ಲಿಸಿದೆ?" ಎಂದ ಯತ್ತಪ್ಪ.

"ಎಣ್ಣೆ ಆತು. ದೀಪ ಮಂಕಾಗೈತೆ."

"ದೀಪ ಚೆನ್ನಾಗೇ ಉರೀತೈತೆ. ಕಲ್ಲು ಪುಡಿ ಮಾಡಿದ. ಪೂಜಾರಿಗಳನ್ನ ಏನು ಮಾಡಿದ?"

"ಕೆಲವರು ಊರಿಗೆ ಬಂದು ಅಣ್ಣತಮ್ಮರ ಜೊತೆ ರೊಟ್ಟಿ ತಿಂದ್ಕೊಂಡು ಇದ್ರು."

"ಉಳಿದೋರು?"

ಸೂರಪ್ಪ ಪುಸ್ತಕ ಮುಚ್ಚಿದ. ಯತ್ತಪ್ಪ ಕೈ ಚಾಚಿ ಅದನ್ನು ಮತ್ತೆ ಬಿಚ್ಚಿ ಮಗನ ಮುಂದಿಟ್ಟ. ಅವನಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಯಾವುದೋ ಹಾಳೆ ಬಿಚ್ಚಿಕೊಂಡಿತ್ತು. ಸೂರಪ್ಪ ಹಾಳೆ ನೋಡದೆಯೇ ಹೇಳಿದ. "ಕೊಲ್ಲಿಸಿದ. ಆ ಬಲಿಕಲ್ಲಿನ ಮೇಲೇ."

ಕಾಟಮ್ಮ ಒಳಗೆ ಪಾತ್ರೆ ಎತ್ತಿಡುತ್ತಿದ್ದವಳು ಕೈ ನಿಲ್ಲಿಸಿದಳು. ಯತ್ತಪ್ಪನಿಗೆ ಸಿಟ್ಟು ಬರಲಿಲ್ಲ. ಮಗನನ್ನೇ ನೋಡುತ್ತ ಕೂತಿದ್ದ. "ನಿನ್ನ ಹೆಸರಿನ ಅರಸ," ಎಂದಷ್ಟೇ ಹೇಳಿ ಕಂಬಳಿ ಹೊದ್ದು ಮಲಗಿದ.

ಕೂದಲು ಇಳಿಸಲು ಸೋಮವಾರ ಗೊತ್ತುಮಾಡಿದ್ದರು. ಪಾತಮ್ಮ ಭಾನುವಾರ ಬೆಳಿಗ್ಗೆ ಅಕ್ಕಿ ಹಸನು ಮಾಡುತ್ತಿದ್ದಳು. ವರ್ಷಕ್ಕೆ ಒಂದೋ ಎರಡೋ ಸಲ ಕಾಣುವ ಅಕ್ಕಿ, ಪಾಯಸಕ್ಕೆಂದು ತಂದಿಟ್ಟದ್ದು. ಕೊಟ್ಟಿಗೆಯಲ್ಲಿ ಹಾರೆ, ಕೊಡಲಿ ಇಲ್ಲದ್ದನ್ನು ಮೊದಲು ನೋಡಿದ್ದು ಕಾಟಮ್ಮ. ಬೇಲಿಗೆ ಗೂಟ ನೆಡಲು ಒಯ್ದಿರಬೇಕು ಎಂದುಕೊಂಡಳು. ಯತ್ತಪ್ಪ ಎಂದಿನಂತೆ ಹಾಲಿನ ಗಡಿಗೆ ಹಿಡಿದು ಗುಡ್ಡದ ದಾರಿ ಹಿಡಿದಿದ್ದ. ಮೊಣಕಾಲು ನೋವಿನವನು ಹತ್ತುವುದೂ ನಿಧಾನ, ಇಳಿಯುವುದೂ ನಿಧಾನ. ಅವನು ವಾಪಸು ಬಂದಾಗ ಗಡಿಗೆಯಲ್ಲಿ ಹಾಲು ಹಾಗೇ ಇತ್ತು. ಅದನ್ನು ಹೊಸ್ತಿಲ ಹೊರಗೆ ಇಳಿಸಿ, ಗೋಡೆಗೊರಗಿ ಕೂತ.

"ಕಲ್ಲು ಬಿದ್ದೈತೆ," ಎಂದ.

"ಗಾಳಿಗಾ?" ಎಂದಳು ಕಾಟಮ್ಮ. ಆಳೆತ್ತರದ ಕಲ್ಲು ಗಾಳಿಗೆ ಬೀಳುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

"ಮರಾನೂ ಕಡಿದಾನೆ. ಹಾರೆ ಅಲ್ಲೇ ಬಿಟ್ಟು ನನಗಾಗಿ ಕಾಯ್ತಾ ಕೂತಿದ್ದ. ಅಪ್ಪ, ನನ್ನನ್ನ ಹೊಡಿ ಅಂದ. ನನ್ನ ಕೈಯಾಗೆ ಹಾಲಿತ್ತು."

ಪಾತಮ್ಮ ಮೊರ ಕೆಳಗಿಟ್ಟು, ನೆಲದ ಮೇಲೆ ಆಡುತ್ತಿದ್ದ ಮೂಗಮ್ಮನನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅಳು ಬರಲಿಲ್ಲ. ಕೂಸಿನ ಮೈ ಬಿಸಿಯಾಗಿದೆಯೇ ಎಂದು ಮುಟ್ಟಿ ಮುಟ್ಟಿ ನೋಡಿದಳು. ಗಂಡನ ಮೇಲೆ ಅವಳಿಗೆ ಹುಟ್ಟಿದ ದ್ವೇಷ ಎಂಥದೆಂದರೆ, ಆ ಗಳಿಗೆಯಲ್ಲಿ ಬಳ್ಳಾರಿಯ ಜ್ವರ ಇವನನ್ನು ಒಯ್ಯಬಾರದಿತ್ತೇ ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೆ ಕೂಡಲೇ ಹೆದರಿದಳು.

ಹಟ್ಟಿಯ ಯಜಮಾನ ಬೋರಣ್ಣ ಕಟ್ಟೆಗೆ ಜನ ಕರೆಸಿದ. ಅವನು ಕೂಗಾಡುವ ಮನುಷ್ಯನಲ್ಲ. ಎಲೆಯಡಿಕೆ ಜಗಿಯುತ್ತ ಎಲ್ಲರ ಮಾತೂ ಕೇಳಿ, ಕೊನೆಗೆ ಯತ್ತಪ್ಪನ ಕಡೆ ತಿರುಗಿದ.

"ಯತ್ತಣ್ಣ, ಕಲ್ಲು ಮತ್ತೆ ನಿಲ್ಲಿಸಬೋದು. ಆದ್ರೆ ಅದನ್ನ ನಿಲ್ಲಿಸೋ ಕೈ ನಿಂದೇ ಆಗಬೇಕು, ನಿನ್ನ ಮನೆ ಶುದ್ಧ ಇರಬೇಕು. ಅವನು ನಿನ್ನ ಮಗ ಆಗಿರೋ ತನಕ ಆ ಕೈ ನಡೆಯಲ್ಲ."

"ಏನು ಮಾಡಂತೀರಿ?"

"ಸತ್ತ ಅನ್ನಿಸಿಬಿಡು. ತಿಥಿ ಮಾಡು, ಹಟ್ಟಿಗೆ ಊಟ ಹಾಕು. ಮಾರನೇ ದಿನವೇ ಕಲ್ಲು ಎತ್ತಾನ. ನಾವೆಲ್ಲ ಹೆಗಲು ಕೊಡ್ತೀವಿ."

ಕಾಟಮ್ಮ ಹೆಂಗಸರ ನಡುವೆ ಎದೆ ಬಡಿದುಕೊಂಡಳು. "ಬದುಕಿರೋನಿಗೆ ಎಂಥ ತಿಥಿ ಬೋರಣ್ಣ? ನನ್ನ ಕೈಲಿ ಆಗಲ್ಲ."

"ನಿನ್ನ ಕೇಳಿಲ್ಲ ಕಾಟಕ್ಕ. ಎಡೆ ಅಡಿಗೆ ಮಾಡೋಳು ಹೆಂಡ್ತಿ. ಅವಳೇ ಹೇಳಲಿ. ಗಂಡನ ಹಿಂದೆ ಹೋಗೋದಾದ್ರೆ ಈಗಲೇ ಹೋಗಲಿ, ಯಾರೂ ತಡೆಯಲ್ಲ. ಆವಾಗ ಕೂಸಿಗೂ ಗುಡ್ಡಕ್ಕೂ ಸಂಬಂಧ ಇಲ್ಲ."

ಸೂರಪ್ಪ ಕಟ್ಟೆಯಿಂದ ದೂರ, ಬೇಲಿಯ ಬಾಯಲ್ಲಿ ನಿಂತಿದ್ದ. ಅಂಗೈಯಲ್ಲಿ ಹಾರೆ ಹಿಡಿದ ಬೊಬ್ಬೆಗಳು ಒಡೆದಿದ್ದವು. "ಬಾ ಪಾತಿ," ಎಂದ. ಜೋರಾಗಿ ಕರೆಯಲಿಲ್ಲ, ಬಾವಿಗೆ ಹೋಗೋಣ ಬಾ ಎನ್ನುವಷ್ಟೇ ಮೆತ್ತಗೆ ಕರೆದ. ಅವಳಿಗೆ ಹೋಗಬೇಕೆನ್ನಿಸಿತು. ಕಾಲು ಎತ್ತಿದಳು ಕೂಡ. ಕಂಕುಳಲ್ಲಿದ್ದ ಕೂಸು ಸೀನಿತು. ಅಷ್ಟೇ, ಬೇರೇನೂ ಇಲ್ಲ, ಧೂಳಿಗೆ ಸೀನಿತು. ಪಾತಮ್ಮ ನಿಂತಲ್ಲೇ ನಿಂತಳು.

"ಕೂಸಿನ ಕೂದಲು ಇಳೀಬೇಕು," ಎಂದಳು. "ಅಡಿಗೆ ಮಾಡ್ತೀನಿ."

ಸೂರಪ್ಪ ಅವತ್ತೇ ರಾಂಪುರಕ್ಕೆ ನಡೆದುಹೋದ. ಅಲ್ಲಿ ನಡೆದದ್ದನ್ನು ಸಂತೆಗೆ ಹೋಗಿ ಬಂದವರು ಹೇಳಿದರು. ಉಪದೇಶಿ ಇವನ ಮಾತು ಕೇಳಿ ಎರಡು ಕೈಯಿಂದಲೂ ತಲೆ ಹಿಡಿದುಕೊಂಡನಂತೆ. ನಾನು ಮನಸ್ಸಿನ ಮಾತು ಹೇಳಿದೆ, ನಿನಗೆ ಹಾರೆ ಎತ್ತಲು ಯಾರು ಹೇಳಿದರು, ಇದು ಅಮಲ್ದಾರರ ಕಿವಿಗೆ ಬಿದ್ದರೆ ನಮ್ಮ ಸಭೆಯೇ ಹಾಳಾಗುತ್ತದೆ, ಗಲಾಟೆ ಇಳಿಯುವವರೆಗೆ ಈ ಕಡೆ ಬರಬೇಡ ಎಂದು ಬಾಗಿಲು ಹಾಕಿಕೊಂಡನಂತೆ. ಬಳ್ಳಾರಿಗೆ ಹೇಳಿ ಕಳಿಸಿದರೆ ಅಲ್ಲಿಂದಲೂ ಅದೇ ಉತ್ತರವಂತೆ. ಸೂರಪ್ಪ ಹಾಳು ಸುಂಕದಕಟ್ಟೆಯಲ್ಲಿ ಮಲಗುತ್ತಾನೆ, ಯಾರಾದರೂ ಕರೆದರೆ ಮೂಟೆ ಹೊರುತ್ತಾನೆ ಎಂದರು. ಕಾಟಮ್ಮ ಕೇಳಿದ ರಾತ್ರಿ ರೊಟ್ಟಿ ಮುರಿಯಲಿಲ್ಲ. ಯತ್ತಪ್ಪ ಮುರಿದ, ಆದರೆ ತಟ್ಟೆಯಲ್ಲೇ ಬಿಟ್ಟ.

"ಒಂದು ಹೊತ್ತಾದ್ರೂ ಬುತ್ತಿ ಕಳಿಸಾನ," ಎಂದಳು ಕಾಟಮ್ಮ.

"ಕಳಿಸಿದ್ರೆ ದಿನದ ಲೆಕ್ಕ ಮೊದಲಿಂದ ಶುರು. ಸೂತಕದಾಗೆ ಇದ್ದೀವಿ," ಎಂದ ಯತ್ತಪ್ಪ.

"ಯಾರ ಸೂತಕ?"

ಯತ್ತಪ್ಪ ಪಾತಮ್ಮನ ಕಡೆ ನೋಡಿದ, ಪಾತಮ್ಮ ಒಲೆಯ ಬೂದಿ ಕೆದಕಿದಳು.

ತಿಥಿಯ ದಿನ ಅವಳು ಕತ್ತಲಿರುವಾಗಲೇ ಮಿಂದು ಒಲೆ ಹೊತ್ತಿಸಿದಳು. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆಗೆ ಇಡಬೇಕು. ಸತ್ತವನ ಇಷ್ಟ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನವಣಕ್ಕಿ ಹುಗ್ಗಿ ಮಾಡಿದಳು. ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಆ ವಾರವೇ ಇನ್ನೊಂದು ಹಸು ಈದಿತ್ತು, ಗಿಣ್ಣು ಕಾಯಿಸಿದಳು. ಕಲ್ಲು ಬಿದ್ದಿದ್ದರಿಂದ ಆ ಹಸುವಿನ ಹಾಲು ಯಾವ ಗುಡ್ಡಕ್ಕೂ ಹೋಗಿರಲಿಲ್ಲ. ಮೊದಲ ಸಲ ಅವನು ತಿನ್ನಬಹುದಾದ ಗಿಣ್ಣು ಎಂದು ನೆನೆದು ಇನ್ನೊಂದು ಹಿಡಿ ಬೆಲ್ಲ ಹಾಕಿದಳು. ಆದರೆ ಅದು ಸತ್ತವನ ಎಡೆಗೆ ಹೋಗುತ್ತದೆ, ಸತ್ತವರಿಗೆ ಇಟ್ಟದ್ದನ್ನು ಕಂಡರೆ ಅವನ ದೇವರು ಕಲ್ಲಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಹೇಸುತ್ತಾನೆ ಎಂದು ಅವನೇ ಓದಿ ಹೇಳಿದ್ದ.

ಹಟ್ಟಿಯವರೆಲ್ಲ ಬಂದು ಅಂಗಳದಲ್ಲಿ ಸಾಲಾಗಿ ಕೂತರು. ಬೇಲಿಯ ಆಚೆ ಚಪ್ಪಡಿಯ ಮೇಲೆ ಎಡೆ ಇಟ್ಟರು. ಕಾಗೆ ಮುಟ್ಟದೆ ಯಾರ ಎಲೆಗೂ ಬಡಿಸುವಂತಿಲ್ಲ. ಜಾಲಿ ಮರದಲ್ಲಿ ಕಾಗೆಗಳು ಇದ್ದವು. ಕೂಗಿದವು, ಕೊಂಬೆ ಬದಲಿಸಿದವು, ಇಳಿಯಲಿಲ್ಲ. ಹೊತ್ತು ಏರಿತು. ಮಕ್ಕಳು ಹಸಿದು ಅಳತೊಡಗಿದವು.

"ಆಸೆ ಏನೋ ಉಳಿದೈತೆ. ಕೇಳು ಯತ್ತಣ್ಣ," ಎಂದ ಬೋರಣ್ಣ.

ಯತ್ತಪ್ಪ ಎದ್ದು ಮರದ ಕಡೆ ಕೈ ಮುಗಿದ. ಸತ್ತವರನ್ನು ಕೇಳುವ ಹಾಗೆ ಕೇಳಿದ. "ಏನು ಬಾಕಿ ಐತಪ್ಪ ಮಗನೆ, ಹೇಳು, ನಡೆಸಿಕೊಡ್ತೀವಿ. ಬಂದು ಮುಟ್ಟು."

ಸೂರಪ್ಪ ರಾಂಪುರದ ಬಂಡಿಜಾಡಿನಿಂದ ಬರುತ್ತಿದ್ದ. ಮೊದಲು ಕಂಡದ್ದು ಪಾತಮ್ಮನಿಗೆ. ಕೆನ್ನೆಗಳು ಒಳಕ್ಕೆ ಹೋಗಿದ್ದವು, ಅಂಗಿ ಹೆಗಲಲ್ಲಿ ಹರಿದಿತ್ತು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು, ನೋಡಿ ಮುಖ ತಗ್ಗಿಸಿದರು. ಸತ್ತವನೊಡನೆ ಮಾತಾಡುವಂತಿಲ್ಲ. ಅವನು ಬೇಲಿಯ ಆಚೆಯೇ ನಿಂತ.

"ಅವ್ವ, ಮೂಗವ್ವನ್ನ ಒಂದು ಸಲ ಕೊಡವ್ವ. ನೋಡಿ ಹೋಗ್ತೀನಿ."

ಕಾಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಚಪ್ಪಡಿಯ ಮೇಲಿನ ಎಲೆ ನೋಡಿದ, ಮರದ ಮೇಲಿನ ಕಾಗೆ ನೋಡಿದ, ಬರಿ ಎಲೆಗಳ ಮುಂದೆ ಕೂತ ಹಟ್ಟಿಯನ್ನು ನೋಡಿದ. ಯಾರ ಎಡೆ ಎಂದು ಕೇಳಲಿಲ್ಲ. ಹುಗ್ಗಿ, ಎಣ್ಣೆಗಾಯಿ, ಗಿಣ್ಣು ನೋಡಿದ ಮೇಲೆ ಕೇಳುವುದೇನಿತ್ತು?

ಪಾತಮ್ಮ ಬೇಲಿಯವರೆಗೆ ಹೋದಳು. ಮಾತಾಡಲಿಲ್ಲ. ಕೂಸನ್ನು ಎತ್ತಿ ಹಿಡಿದು, ಕಣ್ಣಿನ ಮೇಲೆ ಬೀಳುತ್ತಿದ್ದ ಅದರ ಹುಟ್ಟುಗೂದಲನ್ನು ಕೈಯಿಂದ ಹಿಂದೆ ಸರಿಸಿದಳು. ಇನ್ನೂ ಇಳಿಯದ ಕೂದಲು. ಅವನು ಅದನ್ನೇ ನೋಡುತ್ತ ನಿಂತ. ಮೂಗಮ್ಮ ಅಪ್ಪನ ಗುರುತು ಹಿಡಿದು ಕೈ ಚಾಚಿತು.

ಅವನು ಚಾಚಿದ ಕೈ ಹಿಡಿಯಲಿಲ್ಲ. ಚಪ್ಪಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಊಟಕ್ಕೆ ಮೊದಲು ಕಣ್ಣು ಮುಚ್ಚಿ ಗೊಣಗುತ್ತಿದ್ದನಲ್ಲ, ಈ ಸಲ ಗೊಣಗಲಿಲ್ಲ. ಗಿಣ್ಣಿನ ತುಂಡು ಮುರಿದು ಬಾಯಿಗಿಟ್ಟುಕೊಂಡ. ಹುಗ್ಗಿ ತಿಂದ. ಹಸಿದಿದ್ದ, ಬೇಗ ಬೇಗ ತಿಂದ, ತಿನ್ನುತ್ತ ಅತ್ತ. ಎಲೆಯಲ್ಲಿ ಏನೂ ಉಳಿಯಲಿಲ್ಲ.

ಎದ್ದು ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಬೋರಣ್ಣನ ಕಡೆ ನೋಡಿದ. "ಮುಟ್ಟಿದ್ದಾತಲ್ಲ. ನಾಳೆ ಕಲ್ಲು ಎತ್ರಿ," ಎಂದು ಹೇಳಿ ಬಂದ ದಾರಿಯಲ್ಲೇ ತಿರುಗಿದ.

ಬೋರಣ್ಣ ಎಲೆಯಡಿಕೆ ಉಗುಳಿ ಬಂದು, ಖಾಲಿ ಎಲೆಯನ್ನು ಬಗ್ಗಿ ನೋಡಿದ.

"ಮುಟ್ಟೈತೆ," ಎಂದ. "ಬಡಿಸವ್ವ."

ಪಾತಮ್ಮ ಕೂಸನ್ನು ಅತ್ತೆಯ ಮಡಿಲಲ್ಲಿ ಹಾಕಿ ಹುಗ್ಗಿಯ ಪಾತ್ರೆ ಎತ್ತಿಕೊಂಡಳು. ಮೊದಲ ಎಲೆ ಮಾವನದು. ಯತ್ತಪ್ಪನ ಕೈ ಎಲೆಯ ಹತ್ತಿರ ಹೋಗಿ ನಿಂತಿತ್ತು.

"ಉಣ್ಣು ಯತ್ತಣ್ಣ. ನೀನು ತುತ್ತೆತ್ತದೆ ನಾವು ಎತ್ತಂಗಿಲ್ಲ," ಎಂದ ಪಕ್ಕದವನು.

ಯತ್ತಪ್ಪ ತುತ್ತೆತ್ತಿದ. ಆಮೇಲೆ ಎಲ್ಲರೂ ಉಂಡರು. ಹಸಿದ ಜನ, ಅಡಿಗೆಯೂ ಚೆನ್ನಾಗಿತ್ತು. ಎರಡನೆಯ ಸಾಲಿನಿಂದ ಯಾರೋ ಇನ್ನಷ್ಟು ಹುಗ್ಗಿ ಕೇಳಿದರು. ಪಾತಮ್ಮ ಹೋಗಿ ಬಡಿಸಿದಳು.